ಸರ್ಜೇರಾವನ ಎಡಗಿವಿ

ಮನುಷ್ಯನ ಶರೀರದಲ್ಲಿ ಕಿವಿಯ ಸ್ಥಾನವೇನು ಎಂಬುದರ ಬಗ್ಗೆ ಬೇರೆ ಊರುಗಳಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಕೊಲ್ಹಾಪುರದಲ್ಲಿ ಈ ವಿಷಯ ಎಂದೋ ಇತ್ಯರ್ಥವಾಗಿದೆ. ಇಲ್ಲಿ ಕಿವಿ ಇರುವುದು ಕೇಳುವುದಕ್ಕಲ್ಲ, ನಾಲ್ಕು ಜನ ನೋಡುವುದಕ್ಕೆ. ಮನುಷ್ಯನ ಯೋಗ್ಯತೆಯನ್ನು ಮಾತಿನಿಂದ ಅಳೆಯುವವರು ಪುಣೆಯವರು. ನಾವು ಮೊದಲು ಕಿವಿ ನೋಡುತ್ತೇವೆ. ಅದು ದೇವರು ಕೊಟ್ಟ ಹಾಗೆಯೇ ವೀಳ್ಯದೆಲೆಯಂತೆ ಹರಡಿಕೊಂಡಿದ್ದರೆ ಅವನು ಯಾರೋ ಗುಮಾಸ್ತನೋ ಮಾಸ್ತರನೋ ಆಗಿರುತ್ತಾನೆ. 'ಬರ್ರಿ, ಕುಂದರ್ರಿ' ಎಂದರೆ ಅವನ ಮಟ್ಟಿಗೆ ಸಾಕು. ಮಡಚಿ, ಉಬ್ಬಿ, ಹಿಂಡಿ ಬಿಸಾಡಿದ ನಿಂಬೆ ಹೋಳಿನಂತೆ ಗಂಟಾಗಿದ್ದರೆ ಅವನು ವರ್ಷಗಟ್ಟಲೆ ತಾಲೀಮಿನ, ಅಂದರೆ ಗರಡಿಮನೆಯ, ಕೆಂಪು ಮಣ್ಣಿನಲ್ಲಿ ತಲೆಗೆ ತಲೆ ಕೊಟ್ಟು ತಿಕ್ಕಾಡಿದ ಪೈಲವಾನ. ಅವನಿಗೆ ಬಸ್ಸಿನಲ್ಲಿ ಜಾಗ ಸಿಗುತ್ತದೆ. ಜಗಳದಲ್ಲಿ ಅವನು ಬಾಯಿ ತೆರೆಯಬೇಕಾಗಿಲ್ಲ, ತಲೆಯನ್ನು ಸ್ವಲ್ಪ ಓರೆ ಮಾಡಿದರೆ ಸಾಕು.

ಇಂಥ ಊರಿನಲ್ಲಿ ಒಂದು ಶನಿವಾರ ಬೆಳಿಗ್ಗೆ ಸರ್ಜೇರಾವ್ ಮಿಠಾರಿಯ ಎಡಗಿವಿ ಊದಿಕೊಂಡಿತು.

ಕಾರಣ ತೀರ ಸಣ್ಣದು. ಹಿತ್ತಲಿನ ಹಗ್ಗದ ಮೇಲಿದ್ದ ಟವೆಲ್ಲಿನೊಳಗೆ ಒಂದು ಕಡಜ ಕೂತಿತ್ತು. ಸರ್ಜೇರಾವ್ ಮುಖ ತೊಳೆದು ಟವೆಲ್ಲು ಎಳೆದು ಕಿವಿ ಒರೆಸಿಕೊಂಡ. ಕಡಜ ತನಗೆ ತಿಳಿದಿದ್ದ ಒಂದೇ ಉತ್ತರವನ್ನು ಕೊಟ್ಟು ಹಾರಿಹೋಯಿತು. ಸರ್ಜೇರಾವ್ ಕನ್ನಡಿಯ ಮುಂದೆ ನಿಲ್ಲುವಷ್ಟರಲ್ಲಿ ಅವನ ಎಡಗಿವಿ ಎಣ್ಣೆಗೆ ಬಿಟ್ಟ ಪುರಿಯ ಹಾಗೆ ಏಳತೊಡಗಿತ್ತು.

ಹೆಸರು ಕೇಳಿದರೆ ಕುದುರೆಯ ಮೇಲೆ ಬರುವವನ ಹಾಗಿದ್ದರೂ ಸರ್ಜೇರಾವ್ ಮಹಾದ್ವಾರ ರಸ್ತೆಯ ಒಂದು ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸಿ ಕೊಡುವ ಕೆಲಸದಲ್ಲಿದ್ದ. ಇಪ್ಪತ್ತೆರಡರ ಪ್ರಾಯ. ಮಡಚಿಟ್ಟ ಕೊಡೆಯಂಥ ಮೈ. ಗಲ್ಲಿಯಲ್ಲಿ ಅವನನ್ನು ಪೂರ್ತಿ ಹೆಸರು ಹಿಡಿದು ಕರೆದವರಿಲ್ಲ. 'ಸರ್ಜ್ಯಾ' ಎನ್ನುವುದೇ ಅವನ ತೂಕಕ್ಕೆ ಹೆಚ್ಚಾಯಿತು ಎಂಬುದು ಎಲ್ಲರ ಅಭಿಪ್ರಾಯ.

ಬೇರೆ ದಿನವಾಗಿದ್ದರೆ ಈ ಊತವನ್ನು ಅವನು ಲೆಕ್ಕಿಸುತ್ತಿರಲಿಲ್ಲ. ಆದರೆ ಅಂದು ಸಂಜೆ ದಾಜಿಬಾ ಸಾಳೋಖೆ ಅವನ ಮನೆಗೆ ಬರುವವನಿದ್ದ. ದಾಜಿಬಾನಿಗೆ ಎಮ್ಮೆಗಳಿದ್ದವು, ಮೀಸೆಯಿತ್ತು, ಮಂದಾಕಿನಿ ಎಂಬ ಮಗಳಿದ್ದಳು. ಊರ ಹಾಲಿನ ಕಟ್ಟೆಯಲ್ಲಿ ಎಮ್ಮೆಗಳನ್ನು ಸಾಲಾಗಿ ನಿಲ್ಲಿಸಿ, ಗಿರಾಕಿಯ ಎದುರಿಗೇ ಗ್ಲಾಸಿಗೆ ನೊರೆಹಾಲು ಕರೆದು ಕೊಡುವುದು ಅವನ ಕಸುಬು. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಪೈಲವಾನರು. ಹಾಲು ಕುಡಿಯದೆ ಚಹಾ ಕುಡಿಯುವ ಗಂಡಸರ ಬಗ್ಗೆ ಅವನು ಆಡುತ್ತಿದ್ದ ಮಾತುಗಳನ್ನು ಎಮ್ಮೆಗಳು ಕೂಡ ತಲೆ ತಗ್ಗಿಸಿ ಕೇಳುತ್ತಿದ್ದವು.

ಆರು ತಿಂಗಳಿಂದ ಈ ದಾಜಿಬಾನ ಕನ್ನಡಕ ಪದೇಪದೇ ಮುರಿಯುತ್ತಿತ್ತು. ಎಮ್ಮೆ ತುಳಿಯಿತೆಂದು ದಾಜಿಬಾ ತಿಳಿದಿದ್ದ. ಪ್ರತಿ ಸಲವೂ ರಿಪೇರಿಗೆ ತಂದವಳು ಮಂದಾ. ನಾಲ್ಕನೆಯ ಸಲ ಬಂದಾಗ ಕನ್ನಡಕ ತರುವುದನ್ನೇ ಮರೆತಿದ್ದಳು. ಆಮೇಲೆ ವಿಷಯ ಮನೆಯಲ್ಲಿ ತಿಳಿದು, ಕೂಗಾಟವಾಗಿ, ಕೊನೆಗೆ ಹಿಂದಿನ ದಿನ ಮಂದಾ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಹೇಳಿ ಹೋಗಿದ್ದಳು: "ನಾಳೆ ಸಂಜಿಗೆ ಆಬಾ ನಿಮ್ಮನಿಗೆ ಬಂದು ಏನಂಬೂದು ಹೇಳ್ತಾರ. ಅಂಜಬ್ಯಾಡ."

ಅಂಜಬೇಡ ಎಂದವರಿಂದಲೇ ಮನುಷ್ಯನಿಗೆ ಅಂಜಿಕೆ ಶುರುವಾಗುವುದು. ಸರ್ಜೇರಾವ್ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಈಗ ಈ ಕಿವಿ.

ಕಡಜಕ್ಕೆ ಸುಣ್ಣ ಒಳ್ಳೆಯದೆಂದು ಅವನು ಗಲ್ಲಿಯ ಮೂಲೆಯ ಬೀಡಾ ಅಂಗಡಿಗೆ ಹೋದ. ಅಲ್ಲಿ ದತ್ತೂಕಾಕಾ ಕೂತಿದ್ದ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರನಾಗಿ ಊರೂರಿಗೆ ಸುದ್ದಿ ಸಾಗಿಸಿ, ನಿವೃತ್ತನಾದ ಮೇಲೆ ಅದೇ ಕೆಲಸವನ್ನು ನಡೆದು ಮಾಡುತ್ತಿದ್ದ ಮನುಷ್ಯ. ಸರ್ಜೇರಾವ್ ಸುಣ್ಣದ ಡಬ್ಬಿಗೆ ಬೆರಳು ಅದ್ದುತ್ತಿದ್ದಾಗ ದತ್ತೂಕಾಕಾ ಅಡಿಕೆ ಅಗಿಯುವುದನ್ನು ನಿಲ್ಲಿಸಿದ.

"ಸರ್ಜ್ಯಾ, ಈ ಕಡೆ ತಿರುಗು."

"ಏನಿಲ್ಲ ಕಾಕಾ. ಕಡಜದ ಹುಳ."

"ತಿರುಗಂದ್ರ ತಿರುಗಲೇ!" ದತ್ತೂಕಾಕಾ ಎದ್ದು ಬಂದು ಬೆಳಕಿಗೆ ಹಿಡಿದು ನೋಡಿದ. ಅವನ ಮುಖ ದೇವಸ್ಥಾನದೊಳಗೆ ಹೊಕ್ಕವನ ಮುಖದಂತೆ ಗಂಭೀರವಾಯಿತು. "ಕಿವಿ ಮುರದೈತಿ."

"ಇಲ್ರೀ ಕಾಕಾ, ಟವೆಲ್ಲಿನ್ಯಾಗ..."

"ಎಷ್ಟು ದಿನಾ ಆತು?"

"ಹತ್ತು ನಿಮಿಷ."

ದತ್ತೂಕಾಕಾ ಬೀಡಾ ಅಂಗಡಿಯವನ ಕಡೆ ತಿರುಗಿ ತಲೆಯಾಡಿಸಿದ. "ನೋಡಿದೇನು? ಕುಸ್ತಿ ಹಿಡಿಯೋನು ಎಂದಾದ್ರೂ ನಾ ಹಿಡೀತೀನಿ ಅಂತ ಒದರಾಡಿದ್ದು ಕೇಳೀಯೇನು? ಒದರೋರೆಲ್ಲಾ ಕಟ್ಟೀ ಮ್ಯಾಲಿನವರು. ಮಣ್ಣಾಗ ಬಿದ್ದು ಎದ್ದಾಂವ ಕಡಜ ಅಂತಾನ, ಬಾಗಲಾ ಬಡೀತು ಅಂತಾನ. ಯಾರ ತಾಲೀಮು ಮಗಾ? ಹೇಳಬ್ಯಾಡ, ಹೇಳಬ್ಯಾಡ. ವಸ್ತಾದರು ಬ್ಯಾಡ ಅಂದಿರಬೇಕು."

"ಕಾಕಾ, ನನ್ನ ಮೈ ಆದ್ರೂ ನೋಡ್ರಿ."

"ಅದನ್ನ ನೋಡಾಕ ಹತ್ತೀನಿ. ನಾವೆಲ್ಲಾ ಈ ಹುಡುಗಗ ಊಟ ಸೇರವಲ್ದು ಅಂತ ತಿಳಕೊಂಡಿದ್ವಿ. ಇಂವ ತೂಕಾ ಇಳಿಸಾಕ ಹತ್ತ್ಯಾನ! ಈಗ ಮ್ಯಾಟಿನ ಮ್ಯಾಲ ಸಣ್ಣ ತೂಕದ ಕುಸ್ತಿ ಬಂದಾವಲ್ಲ, ಅದಕ್ಕ ತಯಾರಿ." ದತ್ತೂಕಾಕಾ ಸುಣ್ಣದ ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡು, ತಾನೇ ಆ ಕಿವಿಗೆ ಕುಂಕುಮ ಹಚ್ಚಿದಷ್ಟು ಭಕ್ತಿಯಿಂದ ಸುಣ್ಣ ಹಚ್ಚಿದ. "ಹೋಗು ಸರ್ಜೇರಾವ್. ನಾ ಯಾರಿಗೂ ಹೇಳಾಂಗಿಲ್ಲ."

ಹುಟ್ಟಿದ ಮೇಲೆ ಮೊದಲ ಬಾರಿಗೆ ಗಲ್ಲಿಯಲ್ಲಿ ಯಾರೋ ತನ್ನ ಪೂರ್ತಿ ಹೆಸರು ಹೇಳಿದ್ದನ್ನು ಸರ್ಜೇರಾವ್ ಗಮನಿಸಿದ. ಅದು ಒಳ್ಳೆಯ ಲಕ್ಷಣವಲ್ಲ ಎಂದು ಅವನಿಗೆ ಅನ್ನಿಸಿತು.

ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಪಕ್ಕದ ಮನೆಯ ಗೋದಾಮಾವಶಿ ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವನ ತಾಯಿ ಹೌಸಾಬಾಯಿ ಒಲೆಯ ಮುಂದೆ ಆರೋಪಿಯ ಹಾಗೆ ಕೂತಿದ್ದಳು.

"ಅಲ್ಲ ಹೌಸಾ, ಗೋಡಿಗೆ ಗೋಡಿ ಹಚ್ಚಿ ಇದ್ದೇವಿ. ಸಾರು ಮಾಡಿದ್ರ ಸಾರು ಕೊಡ್ತೀ, ಮಗಾ ಪೈಲವಾನ ಆದದ್ದು ಮುಚ್ಚಿಡ್ತೀ?"

"ನನಗ ಗೊತ್ತಿದ್ರ ಹೇಳ್ತಿರಲಿಲ್ಲೇನ ಅಕ್ಕಾ? ಮುಂಜಾನೆ ಐದಕ್ಕ ಎದ್ದು ಹೋಗ್ತಿದ್ದ. ನಳದ ನೀರಿಗೆ ಹೊಂಟಾನ ಅಂತ ತಿಳದಿದ್ದೆ."

"ಆಯಿ, ನಾ ನಳದ ನೀರಿಗೇ ಹೋಗ್ತಿದ್ದೆ!" ಎಂದ ಸರ್ಜೇರಾವ್.

ಹೌಸಾಬಾಯಿ ಮಗನ ಕಿವಿ ನೋಡಿದಳು. ಅವಳ ಕಣ್ಣು ತುಂಬಿದವು. "ನಿಮ್ಮಪ್ಪಗ ಭಾಳ ಆಸೆ ಇತ್ತು," ಎಂದಳು. ಅವನ ಅಪ್ಪನಿಗೆ ಇಸ್ಪೀಟು ಬಿಟ್ಟರೆ ಬೇರೆ ಆಸೆ ಇದ್ದದ್ದು ಸರ್ಜೇರಾವನಿಗೆ ನೆನಪಿರಲಿಲ್ಲ. ಆದರೆ ತಾಯಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿರುವಾಗ ಅದನ್ನು ಹೇಳುವುದು ಹೇಗೆ? ಅವನು ಚಹಾದ ಕಪ್ಪಿಗೆ ಕೈಹಾಕಿದ. ಗೋದಾಮಾವಶಿ ಅದನ್ನು ಕಸಿದು ಮೋರಿಗೆ ಚೆಲ್ಲಿದಳು.

"ಈ ವಿಷಾ ಇನ್ನ ಮ್ಯಾಲ ಈ ಮನ್ಯಾಗ ಬ್ಯಾಡ. ಕುಡಿ ಇದನ್ನ."

ಇದೆಂದರೆ ಅರೆದ ಬಾದಾಮಿ, ತುಪ್ಪ ಮತ್ತು ಹಾಲು ಸೇರಿ ಗೋಡೆಗೆ ಬಳಿಯುವಷ್ಟು ಗಟ್ಟಿಯಾಗಿದ್ದ ಒಂದು ಲೋಟ. ಕುಡಿದ. ಅಷ್ಟರಲ್ಲಿ ಎದುರು ಮನೆಯಿಂದ ಬಾಳೆಹಣ್ಣು, ಹಿಂದಿನ ಮನೆಯಿಂದ ಮೊಟ್ಟೆ, ಮೇಲಿನ ಮನೆಯಿಂದ ತಟ್ಟೆಯ ತುಂಬ ಮಟನ್ನು ಬಂದವು. ಪ್ರತಿಯೊಬ್ಬರೂ ತಂದದ್ದನ್ನು ಅವನು ಮುಗಿಸುವವರೆಗೆ ನಿಂತು, ಕಿವಿಯನ್ನು ಒಮ್ಮೆ ಮುಟ್ಟಿ ಹೋದರು. ಪ್ರತಿ ಸಲ ಮುಟ್ಟಿದಾಗಲೂ ಸರ್ಜೇರಾವನ ಕಣ್ಣೊಳಗೆ ನಕ್ಷತ್ರ ಹುಟ್ಟಿ ಮುಳುಗಿದವು. ಪ್ರತಿಯೊಬ್ಬರಿಗೂ ಅವನು "ಕಡಜ" ಎಂದ. ಪ್ರತಿಯೊಬ್ಬರೂ "ಹೌದಪಾ ಹೌದು" ಎಂದು ನಕ್ಕು, ಹೊರಗೆ ಹೋಗಿ, ಎಷ್ಟು ವಿನಯ ನೋಡು ಎಂದರು.

ಹನ್ನೊಂದು ಗಂಟೆಗೆ ಸರ್ಜೇರಾವ್ ಒಂದು ನಿರ್ಧಾರಕ್ಕೆ ಬಂದ. ಹಾಲಿನ ಕಟ್ಟೆಗೆ ಹೋಗುವುದು, ದಾಜಿಬಾನ ಎದುರು ನಿಲ್ಲುವುದು, ನಾನು ಪೈಲವಾನನಲ್ಲ, ಕನ್ನಡಕ ಒರೆಸುವವನು, ನಿಮ್ಮ ಮಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದು ಹೇಳಿಬಿಡುವುದು. ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡ. ಚೆನ್ನಾಗಿ ಬಂದವು. ಕಟ್ಟೆಯ ತಿರುವಿನಲ್ಲಿ ದತ್ತೂಕಾಕಾ ಎದುರಾದ. ಅವನ ಮೀಸೆಯ ಮೇಲೆ ಹಾಲಿನ ನೊರೆಯಿತ್ತು.

"ನಾ ಯಾರಿಗೂ ಹೇಳಿಲ್ಲ," ಎಂದ ದತ್ತೂಕಾಕಾ. "ದಾಜಿಬಾಗ ಅಷ್ಟ ಹೇಳಿದೆ."

ಸರ್ಜೇರಾವನ ಕಾಲು ನಿಂತವು. "ಅವರು ಏನಂದ್ರು?"

"ಎಮ್ಮಿ ಕರಿಯೋದು ಬಿಟ್ಟು ಎದ್ದು ನಿಂತ! ಮೂವತ್ತು ವರ್ಷದಾಗ ಆ ಮನಷ್ಯಾ ಅರ್ಧಕ್ಕ ಎದ್ದಿದ್ದಿಲ್ಲ. ಎಮ್ಮಿಗೂ ಗಾಬರಿ ಆತು. 'ಆ ಕನ್ನಡಕದ ಹುಡುಗನ? ಖರೇ ಹೇಳ್ತೀಯೇನು ದತ್ತೂ?' ಅಂದ. ಕಣ್ಣಾಗ ನೀರು ತಂದ. 'ಸಂಜಿಗೆ ಮನಿಗೆ ಹೋಗಾಂಗಿಲ್ಲ, ಅಂವ ಹಿಡಿಯೋ ತಾಲೀಮಿಗೇ ಹೋಗಿ ಕಣ್ಣಾರೆ ನೋಡ್ತೀನಿ' ಅಂದ. ಯಾವ ತಾಲೀಮು ಅಂತ ಕೇಳಿದ. ನಮ್ಮ ಪಿಂಪಳ ತಾಲೀಮು, ಮತ್ಯಾವುದು, ಅಂದೆ. ತಪ್ಪೇನು?"

ಸರ್ಜೇರಾವ್ ಕಟ್ಟೆಯ ಕಡೆ ನೋಡಿದ. ದೂರದಲ್ಲಿ ದಾಜಿಬಾ ಇಬ್ಬರು ಗಿರಾಕಿಗಳ ಭುಜ ಹಿಡಿದು ಏನೋ ಹೇಳುತ್ತಿದ್ದ. ಅವನ ಮುಖದಲ್ಲಿದ್ದ ಸಂತೋಷವನ್ನು ಕಂಡರೆ ಮನೆಯಲ್ಲಿ ಗಂಡು ಕರು ಹುಟ್ಟದೆ ಮೂರು ಹೆಣ್ಣು ಕರು ಒಟ್ಟಿಗೆ ಹುಟ್ಟಿದಂತಿತ್ತು. ಒಬ್ಬ ಮುದುಕನನ್ನು ಅಷ್ಟು ಸಂತೋಷದಿಂದ ಕೆಳಗಿಳಿಸುವ ಧೈರ್ಯ ಸರ್ಜೇರಾವನಿಗೆ ಬರಲಿಲ್ಲ. ಇನ್ನೊಂದು ವಿಚಾರವೂ ಬಂತು, ಮತ್ತು ಅದೇ ಅವನನ್ನು ಕೆಡಿಸಿತು: ಕನ್ನಡಕ ಒರೆಸುವವನಿಗೆ ದಾಜಿಬಾ ಮಗಳನ್ನು ಕೊಡುವುದು ಸಂಶಯ, ಪೈಲವಾನನಿಗೆ ಕೊಡದೆ ಇರುತ್ತಾನೆಯೇ? ಒಂದು ಸಂಜೆ ಪೈಲವಾನನಾದರೆ ಸಾಕು. ಮದುವೆಯಾದ ಮೇಲೆ ಸೊಂಟ ಉಳುಕಿತೆಂದರಾಯಿತು.

ಹೀಗೆ ವಿಚಾರ ಮಾಡಿ ಅವನು ಒಂದು ತೆಂಗಿನಕಾಯಿ, ಒಂದು ಎಕ್ಕೆಹೂವಿನ ಮಾಲೆ ಕೊಂಡು ಪಿಂಪಳ ತಾಲೀಮಿನ ದಾರಿ ಹಿಡಿದ.

ತಾಲೀಮಿನ ಎದುರಿಗೆ ದೊಡ್ಡ ಅರಳಿಮರ. ಒಳಗೆ ಮಬ್ಬು, ತಂಪು, ಮಜ್ಜಿಗೆ ಮತ್ತು ಬೆವರಿನ ವಾಸನೆ. ಕುಸ್ತಿ ಕಲಿಸುವ ಶಾಮಗೊಂಡಾ ವಸ್ತಾದ ಸನಿಕೆ ಹಿಡಿದು ಅಖಾಡದ ಮಣ್ಣು ಮಗುಚುತ್ತಿದ್ದ. ಅರವತ್ತು ದಾಟಿದ್ದರೂ ಕುತ್ತಿಗೆ ಎಂಬುದು ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಗುತ್ತದೆಂದು ಹೇಳುವುದು ಕಷ್ಟ. ಅವನ ಎರಡೂ ಕಿವಿಗಳು ಒಣ ಶುಂಠಿಯ ಬೇರಿನಂತಿದ್ದವು. ಒಂದು ಕಾಲಕ್ಕೆ ಈ ಮಣ್ಣಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಈಗ ಪೇಟೆಯ ಹುಡುಗರೆಲ್ಲ ಕನ್ನಡಿಯ ಮುಂದೆ ಕಬ್ಬಿಣ ಎತ್ತಲು ಹೋಗುತ್ತಾರೆ. ವಸ್ತಾದ ಮಾತ್ರ ದಿನವೂ ಮಣ್ಣು ಮಗುಚುತ್ತಾನೆ.

"ಯಾರು?"

"ಮಿಠಾರಿ ಗಲ್ಲಿ ಸರ್ಜೇರಾವ್, ವಸ್ತಾದರ. ತಾಲೀಮಿಗೆ ಸೇರಬೇಕು."

"ಯಾವಾಗ?"

"ಸಂಜಿ ಒಳಗ."

ವಸ್ತಾದ ಸನಿಕೆ ನಿಲ್ಲಿಸಿದ. ಹೊಡೆತ ತಿಂದ ಮರುದಿನ ಬಂದವರನ್ನು, ಮಿಲಿಟರಿ ಭರ್ತಿಗೆ ಮುಂಚೆ ಬಂದವರನ್ನು ಅವನು ನೋಡಿದ್ದ. ಸಂಜೆಯೊಳಗೆ ಪೈಲವಾನನಾಗಬೇಕು ಎಂದವನನ್ನು ನೋಡಿರಲಿಲ್ಲ. ಹತ್ತಿರ ಬಂದು ಕಿವಿಯನ್ನು ನೋಡಿದ. ಮೂಸಿದ.

"ಸುಣ್ಣ ಹಚ್ಚೀದಿ. ಕಡಜೇನು?"

ದಿನದಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಸತ್ಯವನ್ನು ನಂಬಿದ್ದ. ಸರ್ಜೇರಾವನಿಗೆ ಅಳು ಬಂತು. ಕಾಲಿಗೆ ಬಿದ್ದು ಹೇಳಿದ: ಗಲ್ಲಿಯವರು ತಪ್ಪು ತಿಳಿದಿದ್ದಾರೆ, ದಾಜಿಬಾ ಸಂಜೆ ನೋಡಲು ಬರುತ್ತಾನೆ, ತಾಯಿಯ ಮರ್ಯಾದೆಯ ಪ್ರಶ್ನೆ. ಮಂದಾಳ ವಿಷಯ ಮಾತ್ರ ಬಾಯಿಗೆ ಬರಲಿಲ್ಲ. ಗೋಡೆಯ ಮೇಲಿನ ಮಾರುತಿ ನೋಡುತ್ತಿದ್ದ. ಅವನ ಮುಂದೆ ಹುಡುಗಿಯ ಮಾತು ಬೇಡವೆನ್ನಿಸಿತು.

"ಏಳು," ಎಂದ ವಸ್ತಾದ. "ಈ ತಾಲೀಮಿಗೆ ಬರೋರಿಗೆ ಯಾಕ ಬಂದಿ ಅಂತ ನಾ ಕೇಳಾಂಗಿಲ್ಲ. ಹೋಗೋರಿಗೆ ಯಾಕ ಹೊಂಟಿ ಅಂತ ಕೇಳ್ತೀನಿ. ಕಾಯಿ ಒಡಿ. ಮಣ್ಣು ಹಣಿಗೆ ಹಚ್ಚು."

ಸರ್ಜೇರಾವ್ ಕಾಯಿ ಒಡೆದ. ಅದು ಮೂರನೆಯ ಹೊಡೆತಕ್ಕೆ ಒಡೆಯಿತು. ವಸ್ತಾದ ಗೂಟದಿಂದ ಒಂದು ಕೆಂಪು ಲಂಗೋಟಿ ತೆಗೆದು ಅವನ ಅಂಗೈ ಮೇಲಿಟ್ಟು, ಮೇಲೆ ತನ್ನ ಕೈಯಿಟ್ಟ.

"ಇದನ್ನ ಕಟ್ಟಿದ ಮ್ಯಾಲ ನಿನ್ನ ಊಟ, ನಿದ್ದಿ, ಮನಿ, ಮಠ ಎಲ್ಲಾ ಈ ಮಣ್ಣಿಂದು. ತಾಲೀಮಿನ ನೇಮ ಅಂದ್ರ ನಿನ್ನ ನೇಮ. ನಾ ಬಿಟ್ಟೆ ಅನ್ನೋ ತನಕ. ಮಾರುತಿ ಮುಂದ ಹೇಳು."

ಸರ್ಜೇರಾವ್ ಬಾಗಿಲಾಚೆ ಬಿಸಿಲು ಎಷ್ಟು ಇಳಿದಿದೆ ಎಂದು ನೋಡುತ್ತಿದ್ದ. "ಹೌದ್ರಿ, ಒಪ್ಪಿಗಿ ಐತ್ರಿ," ಎಂದ.

ಮುಂದಿನ ಕೆಲವು ಗಂಟೆಗಳ ವಿವರ ಅನವಶ್ಯಕ. ಒಬ್ಬ ಯುವಕ ಕುಸ್ತಿಗೆ ಹೇಗೆ ಕಾಲಿಡುತ್ತಾನೆ ಎಂದು ತಿಳಿಯಬಯಸುವವರಿಗೆ ಇಷ್ಟು ಸಾಕು: ಮೊದಲು ಅವನಿಗೆ ದಂಡ ಹೊಡೆಸುತ್ತಾರೆ, ಕೈ ಹೋಗುತ್ತದೆ. ಆಮೇಲೆ ಬೈಠಕು ಹೊಡೆಸುತ್ತಾರೆ, ಕಾಲು ಹೋಗುತ್ತದೆ. ಆಮೇಲೆ ಕುಸ್ತಿ ಶುರು ಮಾಡುತ್ತಾರೆ. ಬೆಳಗಿನಿಂದ ಹೊಟ್ಟೆಗೆ ಸೇರಿದ್ದ ಬಾದಾಮಿ, ಬಾಳೆಹಣ್ಣು, ಮೊಟ್ಟೆ, ಮಟನ್ನುಗಳು ತಮ್ಮತಮ್ಮಲ್ಲೇ ಒಂದು ಕುಸ್ತಿ ನಡೆಸಿದ್ದವು.

ಸಂಜೆ ತಾಲೀಮಿನ ಬಾಗಿಲು ತುಂಬಿತು. ಮಿಠಾರಿ ಗಲ್ಲಿ ಪೂರ್ತಿ ಬಂದಿತ್ತು. ದತ್ತೂಕಾಕಾ ಎಲ್ಲಿಂದಲೋ ಒಬ್ಬ ಹಲಗಿ ಬಾರಿಸುವವನನ್ನೂ ತಂದಿದ್ದ. ಹೆಂಗಸರು ಒಳಗೆ ಬರುವಂತಿಲ್ಲವಾದ್ದರಿಂದ ಗೋದಾಮಾವಶಿ, ಹೌಸಾಬಾಯಿ ಅರಳಿಮರದ ಕಟ್ಟೆಯ ಮೇಲೆ ನಿಂತು ಕಿಟಕಿಯಿಂದ ನೋಡುತ್ತಿದ್ದರು. ಅವರ ಪಕ್ಕದಲ್ಲಿ ಹಾಲಿನ ಕ್ಯಾನು ಹಿಡಿದು ಮಂದಾ ನಿಂತಿದ್ದಳು. ಅವಳ ಮುಖದಲ್ಲಿ ಹೆಮ್ಮೆಯಿರಲಿಲ್ಲ. ಹಾಲು ಉಕ್ಕಿ ಒಲೆ ಆರಿದ್ದನ್ನು ನೋಡುವವಳ ಹಾಗೆ ನೋಡುತ್ತಿದ್ದಳು. ಸರ್ಜೇರಾವ್ ಅದಕ್ಕೆ ಕಾರಣ ತನ್ನ ಲಂಗೋಟಿ ಎಂದು ತಿಳಿದು ನಾಚಿದ.

ದಾಜಿಬಾ ಎಲ್ಲರಿಗಿಂತ ಮುಂದೆ, ಚಪ್ಪಲಿ ಹೊರಗೆ ಬಿಟ್ಟು, ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ವಸ್ತಾದ ಬೇಕರಿಯ ಪಾಂಡ್ಯಾನನ್ನು ಕರೆದ. ಹಗಲೆಲ್ಲ ಮೈದಾ ನಾದುವುದು ಪಾಂಡ್ಯಾನ ಉದ್ಯೋಗ. ಅವನ ತೋಳು ತೊಡೆಗಳು ಕೂಡ ಬೇಕರಿಯಲ್ಲೇ ಉಬ್ಬಿದ ಹಾಗಿದ್ದವು. ವಸ್ತಾದ ಅವನ ಕಿವಿಯಲ್ಲಿ, "ಹಗೂರಕ ಹಿಡಿ, ಹಗೂರಕ ಇಳಿಸು, ಹುಡುಗ ಹೊಸಬ," ಎಂದ. ಪಾಂಡ್ಯಾ ಒಳ್ಳೆಯ ಹುಡುಗ. ತಲೆಯಾಡಿಸಿದ.

ಇಬ್ಬರೂ ಮಣ್ಣು ಮುಟ್ಟಿ ಎದೆಗೆ ಹಚ್ಚಿದರು. ಕೈ ಜಾರದಂತೆ ಒಬ್ಬರ ಮೈಗೊಬ್ಬರು ಮಣ್ಣು ಎರಚಿದರು. ಹಲಗಿ ಮೊಳಗಿತು.

"ಹಿಡಿ ಸರ್ಜೇರಾವ್!" ಎಂದು ಕೂಗಿದ ದತ್ತೂಕಾಕಾ. "ತಪ್ಪಿಸ್ಕೊಂಡು ಹೋಗಾಕ ಬಿಡಬ್ಯಾಡ!"

ತಪ್ಪಿಸಿಕೊಂಡು ಹೋಗಬೇಕೆಂದಿದ್ದವನು ಪಾಂಡ್ಯಾನಲ್ಲ. ಸರ್ಜೇರಾವ್ ಅಖಾಡವನ್ನು ಎರಡು ಸುತ್ತು ಹಾಕಿದ. ಜನ ಅದನ್ನು ಅಂದಾಜು ನೋಡುವುದು ಎಂದರು. ಮೂರನೆಯ ಸುತ್ತಿಗೆ ಪಾಂಡ್ಯಾ ಅವನನ್ನು ಮೆಲ್ಲಗೆ ಹಿಡಿದ. ತಲೆಗೆ ತಲೆ ಕೊಟ್ಟ. ವಸ್ತಾದ ಹೇಳಿದಂತೆ ಹಗುರಾಗಿ ಕೆಳಗಿಳಿಸಲು ತುಸು ಬಗ್ಗಿ, ಒಂದು ಕಾಲಿನ ಮೇಲೆ ಭಾರ ಬಿಟ್ಟು, ಆಧಾರಕ್ಕೆಂದು ತನ್ನ ಅಗಲವಾದ ಬಲಗೈಯನ್ನು ಸರ್ಜೇರಾವನ ತಲೆಯ ಎಡಪಕ್ಕಕ್ಕೆ ಇಟ್ಟು ಒತ್ತಿದ.

ಆಗ ಸರ್ಜೇರಾವ್ ಹೊರಡಿಸಿದ ಕೂಗನ್ನು ಕೇಳಿ ಅರಳಿಮರದ ಕಾಗೆಗಳು ಎದ್ದು ಹಾರಿದವು ಎಂದು ನಮ್ಮ ಪೇಟೆಯಲ್ಲಿ ಈಗಲೂ ಹೇಳುತ್ತಾರೆ. ಕೂಗಿನ ಜೊತೆಗೆ ಅವನು ಜಿಗಿದ. ಎತ್ತ ಎಂದು ಅವನಿಗೆ ಗೊತ್ತಿರಲಿಲ್ಲ. ಕಿವಿ ಇಲ್ಲದ ಕಡೆಗೆ ಜಿಗಿಯಬೇಕೆಂಬುದೊಂದೇ ಅವನ ಉದ್ದೇಶ. ಮೊಳಕಾಲು ಪಾಂಡ್ಯಾನ ಎದೆಗೆ ಬಡಿಯಿತು. ಒಂಟಿಕಾಲಿನ ಮೇಲಿದ್ದ ಪಾಂಡ್ಯಾ, ಇಂಥ ಪಟ್ಟನ್ನು ಎಂದೂ ಕಂಡಿರದ ಕಾರಣ, ಬಾಯಿ ತೆರೆದುಕೊಂಡೇ ಹಿಂದಕ್ಕೆ ಹೋದ. ದಪ್ಪನೆ ಬೆನ್ನು ಮಣ್ಣಿಗೆ ತಾಗಿತು. ಎರಡೂ ಭುಜ ತಾಗಿದವು. ಅವನ ಎದೆಯ ಮೇಲೆ ಸರ್ಜೇರಾವ್ ಎರಡೂ ಕೈಯಿಂದ ತನ್ನ ಎಡಗಿವಿ ಹಿಡಿದುಕೊಂಡು ಕೂತಿದ್ದ.

ತಾಲೀಮಿನ ಛಾವಣಿ ಹಾರುವಂತೆ ಗದ್ದಲವಾಯಿತು.

"ಚಿತ್! ಚಿತ್!"

"ಏನು ಪಟ್ಟೋ ಮಾರಾಯಾ ಅದು? ಹೆಸರೇನು?"

"ಗೆದ್ದಮ್ಯಾಲೂ ಕಿವಿ ಹಿಡಕೊಂಡು ಕ್ಷಮಾ ಕೇಳಾಕ ಹತ್ತ್ಯಾನ ನೋಡು! ಸಂಸ್ಕಾರ ಅಂದ್ರ ಇದು!"

ದಾಜಿಬಾ ಎದ್ದ. ಅವನ ಕೆನ್ನೆಯ ಮೇಲೆ ಕಣ್ಣೀರು ಮೀಸೆಯವರೆಗೆ ಇಳಿದಿತ್ತು. ಚೀಲದಿಂದ ಗುಲಾಬಿ ಬಣ್ಣದ ಪೇಟ ತೆಗೆದು, ಮಣ್ಣು ಮೆತ್ತಿದ ಸರ್ಜೇರಾವನ ತಲೆಗೆ ತಾನೇ ಸುತ್ತಿದ. ಮುದುಕನ ಕೈ ಮತ್ತೆ ಚೀಲದೊಳಗೆ ಹೋಯಿತು. ಹೊರಗೆ ಬಂದದ್ದು ಬಣ್ಣದ ಕಾಗದ ಸುತ್ತಿದ, ಶಂಕುವಿನಂತಿದ್ದ ಸಕ್ಕರೆಯ ಪೊಟ್ಟಣ. ಹುಡುಗಿಯ ಕಡೆಯವರು ಅದನ್ನು ಹುಡುಗನ ಕೈಗಿಟ್ಟರೆ ನಮ್ಮಲ್ಲಿ ಸಂಬಂಧ ಗಟ್ಟಿಯಾದಂತೆ. ಮುಂದೆ ಬ್ರಹ್ಮ ಬಂದರೂ ಬದಲಾಯಿಸುವಂತಿಲ್ಲ.

ಸರ್ಜೇರಾವ್ ಎರಡೂ ಕೈ ಮುಂದೆ ಒಡ್ಡಿದ.

"ಮಂದಿ ಎಲ್ಲಾ ಕೇಳ್ರಿ," ಎಂದ ದಾಜಿಬಾ. "ಈ ಸಕ್ರಿ ನಾ ಇಂದ ಮುಂಜಾನೆ ತಂದದ್ದು. ದತ್ತೂ ಬಂದು ಹೇಳೋಕಿಂತ ಮೊದಲ. ಮಗಳು ಹಟಾ ಹಿಡಿದ್ಲು. ನಾನೂ ವಿಚಾರ ಮಾಡಿದೆ. ಕನ್ನಡಕದ ಹುಡುಗ, ಬಡಕಲ ಖರೇ, ಚಹಾ ಕುಡೀತಾನ ಖರೇ, ಆದ್ರ ಸಭ್ಯ. ಯಾಕ ಹುಡುಗಿ ಮನಸು ಮುರೀಬೇಕು? ಇಂದ ಸಂಜಿಗೆ ಹೋಗಿ ಕೈಯಾಗ ಸಕ್ರಿ ಇಟ್ಟು, ಮುಂದಿನ ತಿಂಗಳದಾಗ ಲಗ್ನಾ ಮಾಡಿ ಮುಗಿಸೋಣು ಅಂತ ಪಕ್ಕಾ ಮಾಡಿದ್ದೆ."

ಸರ್ಜೇರಾವನ ಒಡ್ಡಿದ ಕೈಗಳು ಹಾಗೆಯೇ ಇದ್ದವು.

"ದೇವರು ದೊಡ್ಡಾಂವ," ಎಂದ ದಾಜಿಬಾ. "ಸರಿಯಾದ ಹೊತ್ತಿಗೆ ಕಣ್ಣು ತೆರಸಿದ. ಎಂಥಾ ಪಾಪ ಮಾಡ್ತಿದ್ದೆ ನಾನು! ನಾನೂ ಈ ಮಣ್ಣಾಗ ಇದ್ದಾಂವನ. ಹದಿನೆಂಟು ತುಂಬೋದ್ರಾಗ ನಮ್ಮಪ್ಪ ಲಗ್ನಾ ಮಾಡಿದ. ಅವತ್ತು ಬಿಟ್ಟ ಲಂಗೋಟಿ ಮತ್ತ ಕಟ್ಟಲಿಲ್ಲ. ಎಮ್ಮಿ ಕಟ್ಟಿದೆ. ಲಂಗೋಟಿ ಇರೋ ತನಕ ಬ್ರಹ್ಮಚರ್ಯ, ಇದ ತಾಲೀಮಿನ ನೇಮ. ಲಂಗೋಟಿ ಕಟ್ಟಿದ ಹುಡುಗನ ಕೊರಳಾಗ ಸಂಸಾರ ಕಟ್ಟೋದು ಅಂದ್ರ ಗೋಹತ್ಯಾ ಮಾಡಿದಂಗ. ನನಗ ಆದದ್ದು ಇಂವಗ ಆಗಾಕ ನಾ ಬಿಡಾಂಗಿಲ್ಲ!"

"ಭಲೇ ದಾಜಿಬಾ!" ಎಂದರು ಜನ.

"ಕಾಕಾ," ಎಂದ ಸರ್ಜೇರಾವ್. ದಾಜಿಬಾನ ಕೈ ಹಿಡಿದುಕೊಂಡ. ಮತ್ತೆ ಕೂಗಿದ: "ಕಾಕಾ, ನಾ ಪೈಲವಾನ ಅಲ್ರಿ! ಇದು ಕಡಜದ ಹುಳಾ ಕಡದದ್ದು! ಮಾರುತಿ ಆಣಿ!"

ತಾಲೀಮು ನಕ್ಕಿತು. ಪ್ರೀತಿಯಿಂದ, ಹೆಮ್ಮೆಯಿಂದ, ಒಟ್ಟಿಗೆ ನಕ್ಕಿತು. "ಮುಂಜಾನಿಂದ ಇದ ಹಾಡು," ಎಂದ ದತ್ತೂಕಾಕಾ, ಕಣ್ಣೊರೆಸಿಕೊಳ್ಳುತ್ತ. ಮಣ್ಣು ಕೊಡವಿಕೊಳ್ಳುತ್ತಿದ್ದ ಪಾಂಡ್ಯಾ ಕೂಡ, "ನನ್ನ ಬೀಳಿಸಿದ್ದು ಕಡಜೇನೋ ಹಂಗಾದ್ರ?" ಎಂದು ನಕ್ಕ.

ಸತ್ಯ ಗೊತ್ತಿದ್ದವನು ಅಲ್ಲಿ ಒಬ್ಬನೇ ಇದ್ದ. ಸರ್ಜೇರಾವ್ ಅವನ ಕಡೆ ತಿರುಗಿದ. ಶಾಮಗೊಂಡಾ ವಸ್ತಾದ ತುಂಬಿದ ತಾಲೀಮನ್ನು ನೋಡುತ್ತಿದ್ದ. ಬಾಗಿಲಲ್ಲಿ ಮೂರು ನಾಲ್ಕು ಹೊಸ ಹುಡುಗರು ಅಂಗಿ ಬಿಚ್ಚಬೇಕೋ ಬೇಡವೋ ಎಂದು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತ ನಿಂತಿದ್ದರು. ವಸ್ತಾದನ ಮುಖದಲ್ಲಿ ಬಹಳ ವರ್ಷ ಕಾಣದಿದ್ದ ಬೆಳಕಿತ್ತು.

"ವಸ್ತಾದರ, ನೀವಾದ್ರೂ ಹೇಳ್ರಿ," ಎಂದ ಸರ್ಜೇರಾವ್. "ಯಾವಾಗ ಬಿಡ್ತೀರಿ?"

ವಸ್ತಾದ ಪ್ರಾಮಾಣಿಕ ಮನುಷ್ಯ. ಸುಳ್ಳು ಹೇಳಲಿಲ್ಲ. "ಗದೆ ತಗೊಂಡು ಬಾ," ಎಂದ. "ಆ ಮ್ಯಾಲ ವಿಚಾರ ಮಾಡೋಣು."

ಗದೆಯೆಂದರೆ ಇಡೀ ರಾಜ್ಯದ ಪೈಲವಾನರನ್ನು ಕೆಡವಿದವನಿಗೆ ಕೊಡುವ ಬೆಳ್ಳಿಯ ಗದೆ. ನಮ್ಮ ಪೇಟೆಗೆ ಅದು ನಮ್ಮ ಅಜ್ಜಂದಿರ ಕಾಲದಲ್ಲೂ ಬಂದಿಲ್ಲ.

"ಮಂದಾ, ಹಾಲು ತಾ!" ಎಂದು ಕೂಗಿದ ದಾಜಿಬಾ. ಕ್ಯಾನು ಕೈಯಿಂದ ಕೈಗೆ ದಾಟಿ ಒಳಗೆ ಬಂತು. ದಾಜಿಬಾ ಸಕ್ಕರೆಯ ಪೊಟ್ಟಣದ ಬಣ್ಣದ ಕಾಗದ ಹರಿದು, ಇದ್ದ ಸಕ್ಕರೆಯನ್ನೆಲ್ಲ ಕ್ಯಾನಿಗೆ ಸುರಿದು, ತೋಳು ಮಡಚಿ ಕೈಯಿಂದಲೇ ಕಲಕಿ, ಸರ್ಜೇರಾವನ ಬಾಯಿಗೆ ಹಿಡಿದ.

"ಕುಡಿ ಮಗನ. ಇನ್ನ ಮ್ಯಾಲ ನಿನ್ನ ಹಾಲು ನನ್ನ ಕಡೆ."

ಸರ್ಜೇರಾವ್ ಕುಡಿದ. ಹಾಲು ತುಂಬ ಸಿಹಿಯಾಗಿತ್ತು.

ಜನ ಅವನನ್ನು ಹೆಗಲ ಮೇಲೆ ಎತ್ತಿ ಹಲಗಿಯೊಂದಿಗೆ ಹೊರಗೆ ತಂದರು. ಅರಳಿಕಟ್ಟೆಯ ಹತ್ತಿರ ಕೆಳಗಿಳಿಸಿದಾಗ ಮಂದಾ ಖಾಲಿ ಕ್ಯಾನು ತೆಗೆದುಕೊಳ್ಳಲು ಬಂದಳು.

"ನಿನಗಾಗೇ ಮಾಡಿದೆ," ಎಂದ ಸರ್ಜೇರಾವ್, ಮೆಲ್ಲಗೆ.

"ಗೊತ್ತೈತಿ."

"ಆಬಾಗ ನೀ ಹೇಳಿ ನೋಡಲಾ."

"ಮೂರು ದಿವಸ ಊಟಾ ಬಿಟ್ಟು ಕನ್ನಡಕದ ಹುಡುಗಗ ಒಪ್ಪಿಸಿದ್ದೆ," ಎಂದಳು ಮಂದಾ. "ಪೈಲವಾನಗ ಒಪ್ಪಿಸಾಕ ಎಷ್ಟು ದಿವಸ ಬಿಡಬೇಕೋ ನನಗೇನು ಗೊತ್ತು?" ಸೆರಗಿನ ತುದಿಯಿಂದ ಅವನ ಗಲ್ಲದ ಮೇಲಿನ ಮಣ್ಣನ್ನು ಒರೆಸಲು ಹೋಗಿ, ಗೋದಾಮಾವಶಿ ಕೆಮ್ಮಿದ್ದನ್ನು ಕೇಳಿ ಕೈ ಹಿಂದೆ ತೆಗೆದುಕೊಂಡಳು. ಕ್ಯಾನು ಎತ್ತಿಕೊಂಡು ತಂದೆಯ ಹಿಂದೆ ಹೋದಳು.

ಕನ್ನಡಕದ ಅಂಗಡಿಯ ಮಾಲೀಕರು ವಿಷಯ ತಿಳಿದು, ಪೈಲವಾನನಿಂದ ಗಾಜು ಒರೆಸಿಸುವುದು ಶೋಭೆಯಲ್ಲವೆಂದು ಹಾರ ಹಾಕಿ ಕೆಲಸದಿಂದ ಕಳಿಸಿಕೊಟ್ಟರು.

ಸರ್ಜೇರಾವ್ ಈಗ ದಿನವೂ ಬೆಳಗಿನ ಜಾವ ತಾಲೀಮಿಗೆ ಹೋಗುತ್ತಾನೆ. ಗದೆ ಬಂದಿಲ್ಲ. ಮದುವೆ ಆಗಿಲ್ಲ.